ಬೀಗರ ತಟ್ಟೆಯಲ್ಲಿ ಕಂಬಾಲಾ

ಜರಸ್‌ಬಾಯ್ ಮುದುಕ ಒಮ್ಮೆ ಸಿಟ್ಟಾದರೆ ಅರಲ್ ಕಡಲು ಇನ್ನೊಂದು ಹರದಾರಿ ಹಿಂದೆ ಸರಿಯುತ್ತದೆ ಎಂದು ಕೊಕ್‌ಶೆಂಗೆಲ್ ಊರಿನಲ್ಲಿ ಮಾತಿತ್ತು. ನದಿಯ ನೀರನ್ನೆಲ್ಲ ಹತ್ತಿಹೊಲಗಳು ಕುಡಿದದ್ದರಿಂದ ಕಡಲು ಸರಿಯಿತು ಎಂದು ಓದಿದವರು ಹೇಳುತ್ತಿದ್ದರು. ಪಾಪ, ಅವರು ಮುದುಕನ ಸಿಟ್ಟನ್ನು ಕಂಡವರಲ್ಲ. ಆ ವರ್ಷ ಬೇಸಿಗೆ ಮುಗಿದು ಗಾಳಿ ತಣ್ಣಗಾಗುತ್ತಿದ್ದ ದಿನಗಳಲ್ಲಿ ಅವನ ಮಗ ಸಗಿನ್ ಒದ್ದೆ ಚೀಲವೊಂದನ್ನು ಹೊತ್ತು ತಂದು ಅಂಗಳದಲ್ಲಿ ಸುರಿದಾಗ, ಆ ಸಿಟ್ಟು ಎದ್ದ ರಭಸಕ್ಕೆ ಕೊಳವೆಯಲ್ಲಿ ಮೇಲೇರುತ್ತಿದ್ದ ಒಲೆಯ ಹೊಗೆ ದಾರಿ ಬದಲಿಸಿ ಕೆಳಗಿಳಿಯಿತು.

ಮುದುಕನ ಹೆಂಡತಿ ಕನಿಪಾ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನೋಡಿದಳು. ಚೀಲದಿಂದ ಬಿದ್ದದ್ದು ಮೀನು. ಹಾಗೆಂದು ಸಗಿನ್ ಹೇಳಿದ, ಅಷ್ಟೇ. ರೊಟ್ಟಿಯಂತೆ ಚಪ್ಪಟೆ, ಒಂದು ಮಗ್ಗುಲು ಕೆಸರಿನ ಬಣ್ಣ, ಇನ್ನೊಂದು ಮಗ್ಗುಲು ಹೆಣದ ಬಿಳುಪು, ಸೊಟ್ಟ ಬಾಯಿ, ಎರಡು ಕಣ್ಣೂ ಒಂದೇ ಕಡೆ. ಊರಿನ ನಾಯಿಗಳೆಲ್ಲ ಓಡಿಬಂದವು, ಒಂದು ಸಲ ಮೂಸಿದವು, ಕ್ಷಮೆ ಕೇಳಿದಂತೆ ಬಾಲ ಮುದುರಿಕೊಂಡು ಹೋದವು.

"ಏನೋ ಇದು?" ಎಂದ ಮುದುಕ.

"ಕಂಬಾಲಾ, ಅಪ್ಪ. ಹಿಂದೆ ವಿಜ್ಞಾನಿಗಳು ಅಜೋವ್ ಕಡಲಿಂದ ತಂದು ಬಿಟ್ಟಿದ್ರಲ್ಲ, ಅದೇ. ಈಗಿನ ಉಪ್ಪುನೀರಲ್ಲಿ ಬದುಕಿರೋ ಮೀನು ಅಂದ್ರೆ ಇದೊಂದೇ. ತಳದಲ್ಲಿ ರಾಶಿ ರಾಶಿ ಮಲಗಿದೆ."

"ಮೀನು ಅಂತೆ! ಇದರ ಮೇಲೆ ಲಾರಿ ಹತ್ತಿಸಿಕೊಂಡು ಬಂದ್ಯಾ?"

"ಇದು ಹುಟ್ಟಿರೋದೇ ಹೀಗೆ."

"ಹಾಗಾದ್ರೆ ಹುಟ್ಟಬಾರದಾಗಿತ್ತು. ತಗೊಂಡು ಹೋಗಿ ಎಲ್ಲಿಂದ ತಂದ್ಯೋ ಅಲ್ಲೇ ಬಿಸಾಕು. ನನ್ನ ಮನೆ ಕಡಾಯಿಗೆ ಇದು ಇಳಿಯಕೂಡದು."

"ಅಡುಗೆ ಮಾತು ಆಮೇಲೆ, ಅಪ್ಪ," ಎಂದ ಸಗಿನ್. "ದೊಡ್ಡ ದೋಣಿ ಹೊರಡಿಸ್ಬೇಕು. ತಳಕ್ಕೆ ಕೂರೋ ಬಲೆ ಸಿಕ್ಕಿದೆ, ಜನ ಇದ್ದಾರೆ. ನೀವು ಅಂಗೈ ತೆರೆದು ಬಾತಾ ಹೇಳಿದ್ರೆ ನಾಳೇನೇ ಹೊರಡ್ತಾರೆ."

ಕಗ್ಗಂಟು ಇದ್ದದ್ದು ಇಲ್ಲೇ. ಕಡಲು ಅಂಗಳದ ತುದಿಯಲ್ಲಿದ್ದ ಕಾಲದಲ್ಲಿ ಜರಸ್‌ಬಾಯ್ ಇಡೀ ಮೀನುಗಾರರ ತಂಡದ ಮುಖಂಡನಾಗಿದ್ದ. ಅವನು ಎರಡೂ ಅಂಗೈಗಳನ್ನು ಆಕಾಶಕ್ಕೆ ತೆರೆದು ಹಾರೈಸದೆ ಒಂದು ದೋಣಿಯೂ ದಡ ಬಿಟ್ಟದ್ದಿಲ್ಲ. ಆ ಹಾರೈಕೆಯೇ ಬಾತಾ. ಅವನ ಬಾತಾ ಕೇಳಿ ಮೀನುಗಳು ತಾವಾಗಿ ಸಾಲುಗಟ್ಟಿ ಬಲೆಗೆ ಬರುತ್ತಿದ್ದವು, ಕೆಲವು ಸಾಲು ತಪ್ಪಿಸಿ ಮುಂದೆ ನುಗ್ಗಲು ಜಗಳವನ್ನೂ ಆಡುತ್ತಿದ್ದವು. ಈಗ ಕಡಲು ಲಾರಿಯಲ್ಲಿ ಎರಡು ಗಂಟೆಯ ದಾರಿ. ದೋಣಿ ಅಲ್ಲೇ ಮರಳಿನ ಅಂಚಿನಲ್ಲಿ ನಿಂತಿತ್ತು. ಆದರೂ ಊರಿನ ಗಂಡಸರು ಮುದುಕನ ಅಂಗೈಯನ್ನೇ ಕಾಯುತ್ತಿದ್ದರು. ಅದು ತೆರೆಯದೆ ದೋಣಿ ಹತ್ತುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

"ಇದಕ್ಕೆ ನಾನು ಅಂಗೈ ತೆರೆಯಲ್ಲ," ಎಂದ ಮುದುಕ, ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು.

"ಹಾಗಾದ್ರೆ ನಾನು ಬಲ್ಖಾಶ್‌ಗೆ ಹೆಸರು ಕೊಡ್ತೀನಿ," ಎಂದ ಮಗ.

ಕನಿಪಾಳ ಕೈಯ ಹಿಟ್ಟು ಒಣಗಿ ಬಿರುಕುಬಿಟ್ಟಿತು. ಬಲ್ಖಾಶ್ ಸರೋವರ ದೇಶದ ಆ ತುದಿಯಲ್ಲಿತ್ತು. ಸಗಿನ್ ಹಿಂದಿನ ಚಳಿಗಾಲ ಅಲ್ಲಿಗೆ ಮೀನು ಹಿಡಿಯುವ ಕೂಲಿಗೆ ಹೋದವನು ವಸಂತದಲ್ಲಿ ಮರಳಿದಾಗ ಅವನ ಕಿರಿಮಗಳು, "ಅಮ್ಮಾ, ಯಾರೋ ಮಾಮ ಬಂದಿದ್ದಾರೆ," ಎಂದು ಕೂಗಿ ಬಾಗಿಲು ಹಾಕಿಕೊಂಡಿದ್ದಳು. ಅವನು ಹೊರಗೆ ನಿಂತು ನಕ್ಕಿದ್ದ. ಒಳಗೆ ಬಂದ ಮೇಲೆ ನಕ್ಕಿರಲಿಲ್ಲ. ಈ ಸಲ ಹೋದರೆ ಒಬ್ಬನೇ ಹೋಗುವುದಿಲ್ಲ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲುತ್ತಾನೆ ಎಂದು ಕನಿಪಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೀರು ಮೊದಲ ಸಲ ಹೆಪ್ಪುಗಟ್ಟುವ ವಾರ, ಹೆಸರು ಕೊಟ್ಟವರನ್ನು ಕರೆದೊಯ್ಯಲು ಬಲ್ಖಾಶಿನ ಲಾರಿ ಊರಿಗೆ ಬರುವುದಿತ್ತು.

ಅಲ್ಲಿಂದ ಮನೆಯಲ್ಲಿ ಎರಡು ಒಲೆಗಳಾದವು. ಒಳಗಿನ ಒಲೆಯಲ್ಲಿ ನವಣೆ ಗಂಜಿ, ಟೀ, ರೊಟ್ಟಿ. ಮರುದಿನ ರೊಟ್ಟಿ, ಟೀ, ನವಣೆ ಗಂಜಿ. ಹೊರಗೆ ಕೊಟ್ಟಿಗೆಯ ಹಿಂದೆ ಸೊಸೆ ಜಿಬಾಗುಲ್ ತಗಡಿನ ಒಲೆ ಹೂಡಿ, ಸಗಿನ್ ದಡದ ನೀರಿಗಿಳಿದು ಸಣ್ಣ ಬಲೆಯಲ್ಲಿ ಹಿಡಿದು ತರುತ್ತಿದ್ದ ಕಂಬಾಲಾ ಕರಿಯುತ್ತಿದ್ದಳು. ಅದರ ಘಮಕ್ಕೆ ನೆರೆಯ ಊರಿನಲ್ಲಿ ಹಾಸಿಗೆ ಹಿಡಿದವರು ಎದ್ದು ಕೂತರು ಎನ್ನುತ್ತಾರೆ. ಮಕ್ಕಳು ಕೆನ್ನೆಗೆಲ್ಲ ಎಣ್ಣೆ ಮೆತ್ತಿಕೊಂಡು ಒಳಗೆ ಬಂದು, ಅಜ್ಜನ ಎದುರು ಗಂಜಿಯ ಬಟ್ಟಲನ್ನು ದೂರ ತಳ್ಳುತ್ತಿದ್ದರು.

"ಇವರಿಗೆ ಯಾಕೆ ಹಸಿವಿಲ್ಲ?" ಎಂದು ಮುದುಕ ಕೇಳುತ್ತಿದ್ದ.

"ಗಾಳಿ ಕುಡಿದು ಹೊಟ್ಟೆ ತುಂಬಿದೆ," ಎನ್ನುತ್ತಿದ್ದಳು ಕನಿಪಾ.

"ಗಾಳಿಗೆ ಎಣ್ಣೆ ಯಾರು ಹಾಕಿದ್ದು?"

ಒಂದು ಸಂಜೆ ಜಗಳ ಟೀ ಬಟ್ಟಲಿನಿಂದ ಶುರುವಾಗಿ ಚಾವಣಿ ಮುಟ್ಟಿತು. ಸಗಿನ್ ಮತ್ತೆ ಬಾತಾದ ಮಾತೆತ್ತಿದ್ದ.

"ಹೊರಗಿಂದ ತಂದು ಬಿಟ್ಟಿದ್ದರ ರುಚಿ ನಾನು ನೋಡಿದ್ದೀನಿ ಕಣೋ," ಎಂದ ಮುದುಕ. "ನಾನು ಮೊಣಕಾಲೆತ್ತರ ಇದ್ದಾಗ ಕ್ಯಾಸ್ಪಿಯನ್ ಕಡೆಯಿಂದ ದೊಡ್ಡ ಬೆಕಿರೆ ಮೀನು ತಂದು ಬಿಟ್ರು. ನಮ್ಮ ಬೆಕಿರೆಗೆ ಜೊತೆಯಾಗಲಿ ಅಂತೆ. ಅದರ ಕಿವಿರಲ್ಲಿ ಹುಳ ಕೂತು ಬಂತು. ಅದಕ್ಕೆ ಆ ಹುಳ ಹಳೇ ನೆಂಟ, ನಮ್ಮದಕ್ಕೆ ಪರಿಚಯ ಇಲ್ಲ. ನಮ್ಮ ಬೆಕಿರೆ ದಡಕ್ಕೆ ಬಂದು ಬಂದು ಸತ್ತವು. ನಮ್ಮಪ್ಪ ಅವುಗಳ ಪಕ್ಕ ಕೂತು ಅತ್ತಿದ್ದು ನೋಡಿದ್ದೀನಿ."

"ಅದು ಆಗಿನ ಮಾತು, ಅಪ್ಪ..."

"ಆಮೇಲಿನದ್ದೂ ಕೇಳು. ಬಾಲ್ಟಿಕ್ಕಿಂದ ಸಲಾಕಾ ಮೀನು ತಂದ್ರು. ಗೇಣುದ್ದ ಇಲ್ಲ, ಕಡಲಿನ ಹುಳುಹುಪ್ಪಟೆಯನ್ನೆಲ್ಲ ನುಂಗಿಹಾಕ್ತು. ನಮ್ಮ ಮರಿಗಳಿಗೆ ತುತ್ತೇ ಸಿಗಲಿಲ್ಲ. ಹೊರಗಿಂದ ಬಂದದ್ದೆಲ್ಲ ಮನೆ ಹಾಳುಮಾಡೋಕೇ ಬರೋದು!"

ಮುದುಕ ಜೀವಮಾನದಲ್ಲಿ ಉತ್ಪ್ರೇಕ್ಷೆ ಇಲ್ಲದೆ ಆಡಿದ ಮಾತುಗಳು ಇವೇ. ಬೆಕಿರೆಯ ಮಾತೂ ನಿಜ, ಸಲಾಕಾದ ಮಾತೂ ನಿಜ. ಆದ್ದರಿಂದಲೇ ಉತ್ತರ ಕೊಡುವುದು ಕಷ್ಟವಾಗಿತ್ತು. ಆದರೆ ಕೊನೆಯ ಮಾತಿಗೆ ಟೀ ಕುದಿಸುವ ಸಮೋವರಿನ ಪಕ್ಕದಲ್ಲಿದ್ದ ಜಿಬಾಗುಲ್ ಟೀ ಹೊಯ್ಯುತ್ತಿದ್ದವಳು ಕೈ ನಿಲ್ಲಿಸಿದಳು. ಅವಳು ಒಳನಾಡಿನ ಒಂಟೆ ಸಾಕುವವರ ಮಗಳು.

ಕನಿಪಾ ಬಟ್ಟಲನ್ನು ಠಕ್ಕೆಂದು ಕೆಳಗಿಟ್ಟಳು. "ಏಳು ತಲೆಮಾರಿನ ನೆಂಟಸ್ತನ ಬಿಟ್ಟು ಹೊರಗಿಂದಾನೇ ಹೆಣ್ಣು ತರೋ ಜನ ನೀವು. ನಾನು ಎಲ್ಲಿಂದ ಬಂದೆ? ನಿಮ್ಮಮ್ಮ ಎಲ್ಲಿಂದ ಬಂದ್ರು? ಯಾವ ಮನೆ ಹಾಳಾಯ್ತು, ಹೇಳಿ ನೋಡೋಣ."

"ನಾನು ಮೀನಿನ ಮಾತಾಡ್ತಿದ್ದೀನಿ."

"ಮೀನಿನ ಮಾತು ಮೀನಿನ ಹತ್ರ ಆಡಿ. ಇಲ್ಲಿ ಸೊಸೆ ಕೂತಿದ್ದಾಳೆ."

ಮುದುಕ ಬಟ್ಟಲು ಮುಂದೆ ಚಾಚಿದ. "ಹೊಯ್ಯಮ್ಮ," ಎಂದ ಸೊಸೆಗೆ, ಬಹಳ ಮೆಲ್ಲಗೆ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದು ಕೇಳಿ ಮೂಲೆಯ ಬೆಕ್ಕು ಗಾಬರಿಯಾಗಿ ಹೊರಗೋಡಿತು. ಆದರೆ ಕಂಬಾಲಾದ ವಿಷಯದಲ್ಲಿ ಅವನು ಕೂದಲೆಳೆಯಷ್ಟೂ ಕದಲಲಿಲ್ಲ.

ವಾರಗಳು ಉರುಳಿದವು. ಸಗಿನ್ ಬಲ್ಖಾಶಿಗೆ ಹೆಸರು ಕೊಟ್ಟ. ಜಿಬಾಗುಲ್ ಮಕ್ಕಳ ಚಳಿಯಂಗಿಗಳನ್ನು ತೆಗೆದು ತೇಪೆ ಹಾಕತೊಡಗಿದಳು. ಕನಿಪಾ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ದಾರ ತೂತಿಗೆ ಹೋಗುತ್ತಿರಲಿಲ್ಲ. ಅದಕ್ಕೆ ಕಣ್ಣು ಮಂಜಾದದ್ದೇ ಕಾರಣ ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಆಗ ಬಂತು ಸುದ್ದಿ: ಬೀಗರು ಬರುತ್ತಿದ್ದಾರೆ. ಮಗಳೂ ಮೊಮ್ಮಕ್ಕಳೂ ದೂರ ಹೋಗುವ ಮುಂಚೆ ಒಮ್ಮೆ ನೋಡಿಹೋಗಲು ಜಿಬಾಗುಲಳ ಅಪ್ಪ ಶಿಂತಾಸ್ ಎಣ್ಣೆ ಲಾರಿ ಹತ್ತಿದ್ದ. ಬೀಗರು ಬಂದರೆ ಕುರಿ ಕಡಿಯಬೇಕು, ಕುರಿಯ ತಲೆ ಬೇಯಿಸಿ ಮೂತಿ ಅವರ ಕಡೆ ಮಾಡಿ ಇಡಬೇಕು. ಅದಿಲ್ಲದಿದ್ದರೆ ಮಾನ ಹೋದಂತೆ. ಮನೆಯಲ್ಲಿದ್ದದ್ದು ಒಂದು ಹಾಲು ಕೊಡುವ ಒಂಟೆ ಮತ್ತು ಜರಸ್‌ಬಾಯಿಗಿಂತ ವಯಸ್ಸಾದಂತೆ ಕಾಣುತ್ತಿದ್ದ ಒಂದು ಆಡು.

"ಹೋಗಿ ನನ್ನ ದೊಡ್ಡಪ್ಪನ ಮಗನ ಹತ್ರ ಒಂದು ಕುರಿ ಹಿಡಿದುಕೊಂಡು ಬಾ," ಎಂದ ಮುದುಕ. "ನಾನು ಕೇಳ್ದೆ ಅನ್ನು."

ಕನಿಪಾ ಹೋದಳು. ಅಲ್ಲಿ ಟೀ ಕುಡಿದಳು. ಆ ಮನೆಯವರ ಮೊಣಕಾಲು ನೋವು, ಹಲ್ಲುನೋವು, ಅಳಿಯನ ಬುದ್ಧಿ ಎಲ್ಲ ವಿಚಾರಿಸಿದಳು. ಬರಿಗೈಯಲ್ಲಿ ತಿರುಗಿ ಬಂದಳು.

"ಕೊಟ್ಟಿಗೆ ಖಾಲಿ. ಕುರಿಯೆಲ್ಲ ಮೇಯೋಕೆ ಹೋಗಿವೆ."

ಸುಳ್ಳೇನಲ್ಲ. ಕುರಿಗಳು ಮೇಯಲು ಹೋಗಿದ್ದವು. ಸಂಜೆಗೆ ಮರಳುತ್ತವೆ ಎಂಬುದನ್ನು ಅವಳು ಹೇಳಲಿಲ್ಲ, ಮುದುಕನೂ ಕೇಳಲಿಲ್ಲ. ಕೇಳುವಷ್ಟರಲ್ಲಿ ಎಣ್ಣೆ ಲಾರಿ ಊರ ಹೊರಗೆ ಧೂಳೆಬ್ಬಿಸಿತ್ತು.

"ಈಗೇನು ಮಾಡೋದು?" ಮುದುಕನ ಗಡ್ಡ ನಡುಗಿತು.

"ಜಿಬಾಗುಲ್," ಎಂದು ಕೂಗಿದಳು ಕನಿಪಾ, "ಕಡಾಯಿ ಇಡಮ್ಮ. ದೊಡ್ಡದು. ಒಳಗಿನ ಒಲೆ ಮೇಲೆ."

ಮುದುಕ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಶಿಂತಾಸ್ ನಿಂತಿದ್ದ, ಬಾಗಿಲಿಗಿಂತ ಅಗಲ, ತೋಳಿನಲ್ಲಿ ಹುಳಿ ಒಂಟೆಹಾಲಿನ ಡಬ್ಬಿ, ಮುಖದ ತುಂಬ ನಗೆ. "ಬೀಗರೇ! ಇನ್ನೂ ಬದುಕಿದ್ದೀರಾ? ನಿಮ್ಮ ಸಿಟ್ಟು ಕೇಳಿ ನಮ್ಮ ಒಂಟೆಗಳು ಎರಡು ಸಲ ಕಂದು ಹಾಕಿದವು." ಮುದುಕನ ಬಾಯಿ ತೆರೆದದ್ದು ಸ್ವಾಗತದ ಮಾತಾಗಿ ಮುಚ್ಚಿತು. ನೆಂಟ ಮನೆಯೊಳಗಿರುವಾಗ ಒಲೆಯ ಮುಂದೆ ಜಗಳವಾಡುವವನನ್ನು ಆ ಕಡಲ ದಡ ಇನ್ನೂ ಕಂಡಿಲ್ಲ.

ಕಂಬಾಲಾಗಳು ಬೆಂದವು. ಕನಿಪಾ ಮುಳ್ಳು ತೆಗೆದು, ಬಿಸಿ ಸಾರಿನಲ್ಲಿ ಬೇಯಿಸಿದ ಹಿಟ್ಟಿನ ಜೊತೆ ಮಾಂಸವನ್ನು ಕಲಸಿ, ಮೇಲೆ ಈರುಳ್ಳಿ ಹಾಕಿ, ಹರಿವಾಣದ ತುಂಬ ಕರ್ಮಾ ಮಾಡಿಟ್ಟಳು. ಹಿಂದಿನ ಕಾಲದಲ್ಲಿ ಕಾರ್ಪ್ ಮೀನಿನಲ್ಲಿ ಮಾಡುತ್ತಿದ್ದ ಹಾಗೆಯೇ. ಎಲ್ಲಕ್ಕಿಂತ ದೊಡ್ಡ ಮೀನಿನ ತಲೆ ಬೇರೆ ತಟ್ಟೆಯಲ್ಲಿ.

ಕಷ್ಟ ಶುರುವಾದದ್ದು ಆ ತಟ್ಟೆಯಿಂದ.

"ಅತ್ತೆ," ಜಿಬಾಗುಲ್ ಪಿಸುಗುಟ್ಟಿದಳು, "ತಲೆ ಯಾವ ಕಡೆ ತಿರುಗಿಸಿ ಇಡ್ಲಿ?"

"ಮುಖ ನಿಮ್ಮಪ್ಪನ ಕಡೆ."

"ಇದರ ಮುಖ ಎಲ್ಲಿದೆ?"

ಕನಿಪಾ ಬಗ್ಗಿ ನೋಡಿದಳು. ಬಾಯಿ ಬೀಗರ ಕಡೆ ತಿರುಗಿಸಿದರೆ ಕಣ್ಣುಗಳು ಚಾವಣಿ ನೋಡುತ್ತಿದ್ದವು. ಎತ್ತಿ ನಿಲ್ಲಿಸಿದರೆ ಎರಡೂ ಕಣ್ಣು ಜರಸ್‌ಬಾಯಿಯನ್ನೇ ದುರುಗುಟ್ಟುತ್ತಿದ್ದವು. ಇನ್ನೊಂದು ಕಡೆಗೆ ತಿರುಗಿಸಿ ನಿಲ್ಲಿಸಿದರೆ ಬೀಗರಿಗೆ ಕಣ್ಣುಗಳು ಸಿಕ್ಕವು, ಆದರೆ ಬಾಯಿ ಬಾಗಿಲ ಕಡೆ ಹೋಯಿತು, ಹೊರಡಿ ಎಂದಂತೆ. ಮೂರೂ ಅವಮಾನವೇ. ತಟ್ಟೆ ಮೇಜಿನ ಮೇಲೆ ಸುತ್ತಿ ಸುತ್ತಿ ಮೀನಿಗೆ ತಲೆ ತಿರುಗಿರಬೇಕು. ಮಕ್ಕಳು ಮೊದಲು ನಕ್ಕರು. ಆಮೇಲೆ ಶಿಂತಾಸ್.

"ಇರಲಿ ಬಿಡಮ್ಮ. ದೇವರು ಕಣ್ಣು ಹಂಚುವಾಗ ಈ ಪ್ರಾಣಿ ಮಗ್ಗುಲಾಗಿ ಮಲಗಿತ್ತೇನೋ. ಬೀಗರೇ, ನಿಮ್ಮ ಕಡೆ ಕುರಿಗಳು ತುಂಬ ಬಡವಾಗಿವೆ!"

ಮುದುಕನಿಗೆ ನೆಲ ಬಿರಿದು ತನ್ನನ್ನೂ ತಟ್ಟೆಯನ್ನೂ ನುಂಗಬಾರದೇ ಎನಿಸಿತು.

"ಶುರು ಮಾಡಿ," ಎಂದ ಶಿಂತಾಸ್. "ಯಜಮಾನ ಬಾಯಿಗಿಡದ ಊಟಕ್ಕೆ ಬೀಗ ಕೈ ಹಾಕೋದುಂಟೆ?"

ಮನೆಯಲ್ಲಿ ಸಮೋವರ್ ಕುದಿಯುವುದನ್ನು ನಿಲ್ಲಿಸಿತು. ಮುದುಕ ಇರುವೆಗೂ ಸಾಲದಷ್ಟು ಚಿಟಿಕೆ ಕರ್ಮಾ ತೆಗೆದು ಬಾಯಿಗಿಟ್ಟ. ದವಡೆ ಆಡಿತು, ನಿಂತಿತು, ಮತ್ತೆ ಆಡಿತು. ಕೈ ಮತ್ತೆ ಹರಿವಾಣಕ್ಕೆ ಹೋಯಿತು. ಎರಡನೆಯ ತುತ್ತಿಗೆ ಅವನನ್ನು ಯಾರೂ ಬಲವಂತ ಮಾಡಿರಲಿಲ್ಲ. ಅದನ್ನು ಕನಿಪಾ ನೋಡಿದಳು, ನೋಡಿಲ್ಲವೆಂಬಂತೆ ಟೀ ಹೊಯ್ದಳು.

ಶಿಂತಾಸ್ ತಿಂದದ್ದನ್ನು ಹೇಳಹೊರಟರೆ ನಂಬುವವರಿಲ್ಲ. ಬಿಸಿಲು ಗೋಡೆ ದಾಟುವಷ್ಟರಲ್ಲಿ ಹರಿವಾಣದ ತಳದ ಹೂವಿನ ಚಿತ್ರ ಕಾಣಿಸಿತು, ಇನ್ನಷ್ಟು ಹೊತ್ತಿಗೆ ಆ ಹೂವೂ ಸವೆಯಿತು. ಕೊನೆಗೆ ಬೆರಳು ನೆಕ್ಕುತ್ತ ಕೇಳಿದ, "ಇಷ್ಟು ಕೊಬ್ಬಿದೆಯಲ್ಲ, ಇದು ಏನು ತಿನ್ನುತ್ತೆ?"

"ನಮ್ಮ ಮೀನನ್ನ," ಎಂದ ಮುದುಕ. "ಮರಿಗಳನ್ನ. ಹೊರಗಿಂದ ಬಂದಿದ್ದಲ್ವಾ."

"ಹೊಟ್ಟೆ ಸೀಳಿ ನೋಡಿದ್ರಾ?"

ಮುದುಕ ಟೀ ಬಟ್ಟಲನ್ನು ಬಾಯಿಗೆ ಎತ್ತಿಕೊಂಡ.

"ಅಲ್ಲ, ಕೇಳ್ದೆ ಅಷ್ಟೇ. ನನ್ನ ಒಂಟೆಮರಿ ಸತ್ತರೆ ನಾನು ಮೊದಲು ತೋಳದ ಮೇಲೆ ಕೂಗಾಡಲ್ಲ. ತೋಳ ಸಿಕ್ಕಿದ್ರೆ ಹೊಟ್ಟೆ ಸೀಳ್ತೀನಿ. ಎಷ್ಟೋ ಸಲ ಇಲಿ ಬಿಟ್ಟು ಏನೂ ಇರಲ್ಲ. ನೀವು ಇಷ್ಟು ದೊಡ್ಡ ಮುಖಂಡರು, ನೋಡೇ ಇರ್ತೀರಿ ಬಿಡಿ."

ಬೀಗರ ಕುಟುಕು ಗುರಿಯಿಟ್ಟ ಜಾಗಕ್ಕೇ ನಾಟಿತು. ಒಂದು ಕಾಲದಲ್ಲಿ ಜರಸ್‌ಬಾಯ್ ಹೊಸ ಜಾಗದಲ್ಲಿ ಹಿಡಿದ ಯಾವ ಮೀನಿನ ಹೊಟ್ಟೆಯನ್ನೂ ಸೀಳದೆ ಬಿಟ್ಟವನಲ್ಲ. ಮೀನು ಏನು ತಿಂದಿದೆ ಎಂದು ನೋಡಿಯೇ ಮರುದಿನ ಬಲೆ ಎಲ್ಲಿಗೆ ಎಂದು ಹೇಳುತ್ತಿದ್ದ. ಆದರೆ ಇದರ ಸೊಟ್ಟ ಮುಖ ನೋಡಿಯೇ ತೀರ್ಪು ಕೊಟ್ಟುಬಿಟ್ಟಿದ್ದ. ಅವನು ಎದ್ದ. ಗೂಟದಲ್ಲಿದ್ದ ಚಾಕು ತೆಗೆದುಕೊಂಡು ಕೊಟ್ಟಿಗೆಯ ಹಿಂದೆ ನಡೆದ. ಅಲ್ಲಿ ಬುಟ್ಟಿಯಲ್ಲಿ ಬೆಳಗಿನ ಕಂಬಾಲಾ ಉಳಿದಿದ್ದವು. ಎಲ್ಲರೂ ಹಿಂದೆ ಹೋದರು. ನಾಯಿಗಳೂ ಹೋದವು.

ಒಂದನ್ನು ಸೀಳಿದ. ಹೊಟ್ಟೆಯಲ್ಲಿದ್ದದ್ದನ್ನು ಅಂಗೈಗೆ ಹಿಂಡಿ ಹೆಬ್ಬೆರಳಿನಿಂದ ತಿಕ್ಕಿದ. ಪುಡಿಯಾದ ಚಿಪ್ಪು. ಇನ್ನೊಂದನ್ನು ಸೀಳಿದ. ಚಿಪ್ಪು, ತಳದ ಹುಳ. ಮತ್ತೊಂದು. ಬುಟ್ಟಿ ಬರಿದಾಗುವವರೆಗೂ ಸೀಳಿದ. ಮೀನಿನ ಒಂದು ಮರಿಯಿರಲಿ, ಮುಳ್ಳೂ ಇರಲಿಲ್ಲ.

"ಇದ್ದಿದ್ರೆ ಒಂದೆರಡು ತಿಂತಿತ್ತೇನೋ, ಮಾವ," ಎಂದಳು ಜಿಬಾಗುಲ್.

"ತಿಂತಿತ್ತೇನೋ," ಎಂದ ಮುದುಕ. "ಮೊದಲು ಇರ್ಬೇಕಲ್ಲಮ್ಮ." ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡು, ಕಡಲು ಇದ್ದ ಕಡೆ, ಈಗ ಬರಿ ಬಿಳಿ ಉಪ್ಪು ಹೊಳೆಯುವ ಕಡೆ ನೋಡುತ್ತ ನಿಂತ. "ನಮ್ಮ ಮೀನು ಇದಕ್ಕೆ ಹೆದರಿ ಹೋದದ್ದಲ್ಲ. ನದಿ ಬರೋದು ನಿಲ್ತು, ಅವು ಹೋದವು. ಇದು ಬಿಟ್ಟುಹೋದ ಮನೆಗೆ ಬಂದು ಒಲೆ ಹಚ್ಚಿಕೊಂಡಿದೆ."

"ಹಾಗಾದ್ರೆ ಇದರ ತಪ್ಪಿಲ್ಲ ಅಂತೀರಾ, ಅಪ್ಪ?" ಸಗಿನ್ ಕೇಳಿದ.

"ಬೆಕಿರೆ ತಂದವರನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ. ಸಲಾಕಾ ತಂದವರನ್ನೂ ಅಷ್ಟೇ. ಇದರ ತಪ್ಪು ಇನ್ನೂ ಸಿಕ್ಕಿಲ್ಲ, ಅಷ್ಟು ಹೇಳ್ತೀನಿ. ಹುಡುಕ್ತಾ ಇರ್ತೀನಿ."

ಅಷ್ಟು ಹೇಳಿ ಒಳಗೆ ಹೋಗಿ ಕೂತ. ಬಾತಾದ ಮಾತು ಬರಲೇ ಇಲ್ಲ. ಕನಿಪಾ ಬಾಗಿಲಲ್ಲೇ ನಿಂತು ದಿನಗಳ ಲೆಕ್ಕ ಹಾಕಿದಳು. ಲಾರಿ ಬರುವ ವಾರ ಅದೇ. ತಪ್ಪಿಲ್ಲ ಎಂದರೆ ಸಾಕೇ? ತೆರೆದ ಅಂಗೈ ಬೇಕಲ್ಲ.

ಊಟ ಮುಗಿದ ಮೇಲೆ ಹಿರಿಯ ನೆಂಟ ಬಾತಾ ಹೇಳಬೇಕು. ಶಿಂತಾಸ್ ಗಂಟಲು ಸರಿಮಾಡಿಕೊಂಡು, ಹಗ್ಗ ಹಿಡಿದು ದಪ್ಪಗಾದ ಅಂಗೈಗಳನ್ನು ತೆರೆದ. ಎಲ್ಲರೂ ತೆರೆದರು. ನೆಂಟ ಹಾರೈಸುವಾಗ ಮನೆಯ ಯಜಮಾನ ಕೈ ಮುಚ್ಚಿಕೊಂಡಿರುವಂತಿಲ್ಲ. ಮುದುಕನ ಬೆರಳುಗಳೂ ಮೆಲ್ಲನೆ, ತುಕ್ಕು ಹಿಡಿದ ಬಾಗಿಲಂತೆ ಬಿಚ್ಚಿಕೊಂಡವು. ಕನಿಪಾಳ ಕಣ್ಣು ಆ ಬೆರಳುಗಳ ಮೇಲೇ ಇತ್ತು.

"ಈ ಮನೆಗೆ ಒಳ್ಳೇದಾಗಲಿ," ಎಂದ ಶಿಂತಾಸ್. "ಮಕ್ಕಳು ಮರಿ ಚೆನ್ನಾಗಿರಲಿ. ಅಳಿಯಂದಿರ ದೋಣಿ ಮರಳಿನ ಮೇಲೆ ನಿಂತಿದೆಯಂತೆ, ಅದು ಗಟ್ಟಿಯಾಗಿ ನಾಲ್ಕು ಕಾಲ ಮೇಲೆ ಎದ್ದು ನಿಲ್ಲಲಿ..."

ಜರಸ್‌ಬಾಯಿಯ ಹುಬ್ಬು ಮೇಲೇರಿತು.

"...ಅದಕ್ಕೆ ದಾರಿಯುದ್ದಕ್ಕೂ ಹಸಿರು ಮೇವು ಸಿಗಲಿ, ಬಾಯಾರಿಕೆ ಆಗದಿರಲಿ, ಅದರ ಗೊರಸು ಸವೆಯದಿರಲಿ, ಚಳಿಗಾಲದಲ್ಲಿ ಅದಕ್ಕೆ ದಟ್ಟ ತುಪ್ಪಳ..."

"ಬೀಗರೇ!" ಮುದುಕನ ಕೂಗಿಗೆ ಬಟ್ಟಲುಗಳು ಎದ್ದು ಕೂತವು. "ದೋಣಿಗೆ ತುಪ್ಪಳವೇ? ಕೇಳಿದ ಗಾಳಿಯೆಲ್ಲ ಎಲ್ಲಿಗೋ ಬೀಸಿಬಿಡ್ತದೆ! ನನ್ನ ಮಗ ಒಂಟೆ ಮೇಲೆ ಕೂತು ಬಲೆ ಹಾಕ್ಬೇಕಾ?"

"ನನಗೆ ಬರೋದು ಇದೇ," ಎಂದ ಶಿಂತಾಸ್, ಅಂಗೈ ಹಾಗೇ ತೆರೆದುಕೊಂಡು, ಹಸುಗೂಸಿನ ಮುಖ ಮಾಡಿಕೊಂಡು. "ತಪ್ಪಿದ್ರೆ ಬಲ್ಲವರು ತಿದ್ದಬೇಕಪ್ಪ."

ಬೀಗರು ಕನಿಪಾಳ ಕಡೆ ನೋಡಲಿಲ್ಲ. ಎಷ್ಟು ಜತನದಿಂದ ನೋಡಲಿಲ್ಲವೆಂದರೆ, ಅವಳಿಗೆ ಅಷ್ಟೇ ಸಾಕಾಯಿತು.

ಜರಸ್‌ಬಾಯ್ ಬೆನ್ನು ನೆಟ್ಟಗೆ ಮಾಡಿ ಕೂತ. ಅಂಗೈಗಳನ್ನು ಎದೆಯೆತ್ತರಕ್ಕೆ ಎತ್ತಿದ. ದೊಡ್ಡ ಬಾತಾ ಮನೆಯಲ್ಲಿ ಕೇಳಿಸಿ ಕಾಲ ಎಷ್ಟಾಗಿತ್ತೆಂದರೆ ಗೋಡೆಗಳು ಕಿವಿಗೊಟ್ಟು ಹತ್ತಿರ ಬಂದವು.

"ದೋಣಿಯ ಮುಂದೆ ದಾರಿ ತೆರೆದಿರಲಿ, ಹಿಂದೆ ದಡ ಕಾದಿರಲಿ. ಗಾಳಿ ಬೆನ್ನಿಗಿರಲಿ. ಬಲೆಯ ಸೀಸದ ಗುಂಡು ತಳ ಮುಟ್ಟಲಿ, ತಳದಲ್ಲಿ ಮಲಗಿರೋದು ಎದ್ದು ಬರಲಿ..." ಒಂದು ಕ್ಷಣ ತಡೆದ. "...ಅದರ ಮುಖ ಹೇಗೇ ಇರಲಿ. ಹೋದವರೆಲ್ಲ ಅದೇ ಸಂಜೆ ಮನೆಗೆ ಬರಲಿ, ಮಕ್ಕಳು ಬಾಗಿಲು ತೆಗೆಯಲಿ. ಆಮೀನ್."

"ಆಮೀನ್," ಎಂದರು ಎಲ್ಲರೂ. ಜಿಬಾಗುಲ್ ಪಕ್ಕದಲ್ಲಿದ್ದ ಕಿರಿಮಗಳನ್ನು ಉಸಿರು ಕಟ್ಟುವಂತೆ ಅಪ್ಪಿಕೊಂಡಳು. ವಾಡಿಕೆಯಂತೆ ಅಂಗೈಗಳು ಮುಖದ ಮೇಲೆ ಹಾದು ಕೆಳಗಿಳಿದವು, ಕನಿಪಾಳದ್ದನ್ನು ಬಿಟ್ಟು. ಅವಳು ಎರಡೂ ಕೈಗಳನ್ನು ಮುಖದ ಮೇಲೆ ಹಾಗೇ ಒತ್ತಿಕೊಂಡು ಕೂತಿದ್ದಳು. ಬೆರಳುಗಳ ಸಂದಿನಿಂದ ನೀರು ಇಳಿಯುತ್ತಿತ್ತು, ಭುಜಗಳು ನಗುತ್ತಿದ್ದವು.

ಮುದುಕ ಖಾಲಿ ಬಟ್ಟಲನ್ನು ಅವಳ ಕಡೆ ತಳ್ಳಿದ.

"ಎಷ್ಟು ಹೊತ್ತು ಆಮೀನ್ ಹೇಳ್ತೀಯೇ ಮುದುಕಿ? ಟೀ ಹೊಯ್ಯಿ. ನಾಳೆ ದೋಣಿಗೆ ಬೇಗ ಏಳ್ಬೇಕು."